ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ: ಗಡ್ಡೆ ಮಾತ್ರವೋ, ಪೂರ್ತಿ ಸ್ತನವೋ, ಕಂಕುಳದ್ದೇನು?

ಬಯಾಪ್ಸಿ ರಿಪೋರ್ಟ್ ಬಂತು, ಕ್ಯಾನ್ಸರ್ ಅಂತ ಗೊತ್ತಾಯಿತು, ಸರ್ಜನ್ ಎರಡು ದಾರಿ ಹೇಳಿ "ಯೋಚನೆ ಮಾಡಿ ಬನ್ನಿ" ಅಂದರು. ಈಗ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಪೂರ್ತಿ ತೆಗೆಸಿಬಿಡು, ಆಮೇಲೆ ತಲೆನೋವೇ ಇರಲ್ಲ ಅಂತ ಒಬ್ಬರು. ಇಷ್ಟು ಚಿಕ್ಕ ಗಡ್ಡೆಗೆ ಅಷ್ಟೆಲ್ಲ ಯಾಕೆ ಅಂತ ಇನ್ನೊಬ್ಬರು. ಇಬ್ಬರೂ ಲೆಕ್ಕ ಹಾಕುತ್ತಿರುವುದು ಎಷ್ಟು ಕತ್ತರಿಸುತ್ತಾರೆ ಅನ್ನುವುದನ್ನು ಮಾತ್ರ.

ನನ್ನ ಪ್ರಕಾರ ಹೋಲಿಸಬೇಕಾದದ್ದು ಅದನ್ನಲ್ಲ. ಪ್ರತಿ ಆಪರೇಷನ್ನೂ ತನ್ನ ಹಿಂದೆ ಇನ್ನೊಂದಷ್ಟನ್ನು ಎಳೆದುಕೊಂಡೇ ಬರುತ್ತದೆ: ರೇಡಿಯೇಷನ್, ಕೆಲವೊಮ್ಮೆ ಎರಡನೇ ಆಪರೇಷನ್, ಕೈ ಬಾವು, ವರ್ಷಾವರ್ಷ ಮ್ಯಾಮೊಗ್ರಾಮ್, ತೆಗೆದ ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳುವ ಪ್ರಶ್ನೆ. ಹಿಂದೆ ಏನೇನು ಬರುತ್ತದೆ ಅಂತ ನೋಡಿಕೊಂಡು ಆಪರೇಷನ್ ಆರಿಸಿದರೆ ಆಮೇಲೆ "ಇದನ್ನ ಯಾರೂ ಹೇಳಲೇ ಇಲ್ಲ" ಅನ್ನುವ ಪರಿಸ್ಥಿತಿ ಕಮ್ಮಿ. ನಾನು ಡಾಕ್ಟರ್ ಅಲ್ಲ. ಮನೆಯವರ ಜೊತೆ ಆಸ್ಪತ್ರೆಗೆ ಓಡಾಡಿ, ಓದಿ, ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ರಿಪೋರ್ಟ್ ಮುಂದಿಟ್ಟುಕೊಂಡು ಕೊನೆಯ ಮಾತು ಹೇಳಬೇಕಾದವರು ನಿಮ್ಮ ಡಾಕ್ಟರೇ.

ಇನ್ನೊಂದು ಮಾತು, ನಾಳೆಯೇ ಆಪರೇಷನ್ ಆಗಬೇಕು ಅನ್ನುವ ಗಾಬರಿ ಬೇಡ. ಗಡ್ಡೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎಲ್ಲ ಟೆಸ್ಟ್ ಮುಗಿಸಿ, ಇನ್ನೊಬ್ಬ ಸರ್ಜನ್ ಹತ್ತಿರ ಒಮ್ಮೆ ಕೇಳಿ ಬರಲು ಎರಡು ಮೂರು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ತಿಂಗಳುಗಟ್ಟಲೆ ಎಳೆದರೆ ಮಾತ್ರ ಕೆಡುತ್ತದೆ, ಅದಕ್ಕೆ ಸಾಕಷ್ಟು ಅಧ್ಯಯನಗಳಿವೆ. ಇದಕ್ಕೊಂದು ಅಪವಾದ ಇದೆ. ಸ್ತನ ಇದ್ದಕ್ಕಿದ್ದಂತೆ ಕೆಂಪಾಗಿ, ಊದಿಕೊಂಡು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗಿದ್ದರೆ ಅದು ಉರಿಯೂತದ ಸ್ತನ ಕ್ಯಾನ್ಸರ್ ಇರಬಹುದು. ಅದು ಬೇಗ ಬೆಳೆಯುವ ಜಾತಿ. ಅಲ್ಲಿ ಮೊದಲು ಕೀಮೋ, ಆಮೇಲೆ ಪೂರ್ತಿ ಸ್ತನ ತೆಗೆಯುವುದು, ಆಮೇಲೆ ರೇಡಿಯೇಷನ್. ಅವರಿಗೆ ಈ ಆಯ್ಕೆಗಳ ಚರ್ಚೆ ಹೆಚ್ಚು ಅನ್ವಯಿಸುವುದಿಲ್ಲ.

ಮೊದಲು ಕೀಮೋನಾ, ಮೊದಲು ಆಪರೇಷನ್ನಾ?

ತುಂಬಾ ಜನ ಈ ಪ್ರಶ್ನೆ ಕೇಳುವುದೇ ಇಲ್ಲ, ನೇರವಾಗಿ ಆಪರೇಷನ್ ದಿನಾಂಕಕ್ಕೆ ಹೋಗಿಬಿಡುತ್ತಾರೆ. ಕೇಳಬೇಕು. ಇದಕ್ಕೆ ಉತ್ತರ ಬಯಾಪ್ಸಿ ರಿಪೋರ್ಟ್‌ನ ಮೂರು ಸಾಲಿನಲ್ಲಿದೆ: ಇಆರ್, ಪಿಆರ್, ಹರ್-2. ಮೊದಲ ಎರಡು ಹಾರ್ಮೋನಿಗೆ ಸಂಬಂಧಪಟ್ಟದ್ದು, ಮೂರನೆಯದು ಒಂದು ಪ್ರೋಟೀನಿನದು. ಮೂರೂ ನೆಗೆಟಿವ್ ಇದ್ದರೆ ಅದನ್ನು ಟ್ರಿಪಲ್ ನೆಗೆಟಿವ್ ಅನ್ನುತ್ತಾರೆ.

ಹರ್-2 ಪಾಸಿಟಿವ್ ಇದ್ದು ಅಥವಾ ಟ್ರಿಪಲ್ ನೆಗೆಟಿವ್ ಇದ್ದು, ಗಡ್ಡೆ 2 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಕ್ಯಾನ್ಸರ್ ಕಂಕುಳಿನ ಲಿಂಫ್ ಗ್ರಂಥಿಗಳಿಗೆ ಹೋಗಿದ್ದರೆ ಈಗ ಸಾಮಾನ್ಯವಾಗಿ ಔಷಧಿ ಮೊದಲು, ಆಪರೇಷನ್ ಆಮೇಲೆ. ಅಮೆರಿಕದ ಎನ್‌ಎಸ್‌ಎಬಿಪಿ ಬಿ-18 ಅನ್ನುವ ಅಧ್ಯಯನದಲ್ಲಿ ಕೀಮೋ ಮೊದಲು ಕೊಟ್ಟರೂ ಆಮೇಲೆ ಕೊಟ್ಟರೂ ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಮೊದಲೇ ಯಾಕೆ? ಗಡ್ಡೆ ಕುಗ್ಗಿದರೆ ಪೂರ್ತಿ ಸ್ತನದ ಬದಲು ಗಡ್ಡೆ ಮಾತ್ರ ತೆಗೆಯುವ ಅವಕಾಶ ಸಿಗಬಹುದು, ಕಂಕುಳಲ್ಲೂ ಕಮ್ಮಿ ಕತ್ತರಿಸಿದರೆ ಸಾಕಾಗಬಹುದು. ಅದಕ್ಕಿಂತ ಮುಖ್ಯ, ಔಷಧಿ ನಿಮ್ಮ ಗಡ್ಡೆಗೆ ನಾಟಿತೋ ಇಲ್ಲವೋ ಕಣ್ಣೆದುರೇ ಗೊತ್ತಾಗುತ್ತದೆ. ಆಪರೇಷನ್‌ನಲ್ಲಿ ಇನ್ನೂ ಕ್ಯಾನ್ಸರ್ ಉಳಿದಿದ್ದು ಕಂಡರೆ ಮುಂದಿನ ಔಷಧಿ ಬದಲಾಯಿಸುತ್ತಾರೆ. ಮೊದಲೇ ಗಡ್ಡೆ ತೆಗೆದುಬಿಟ್ಟರೆ ಈ ಮಾಹಿತಿ ಸಿಗುವುದೇ ಇಲ್ಲ.

ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್, ಸಣ್ಣ ಗಡ್ಡೆ, ಕಂಕುಳು ಚೆನ್ನಾಗಿದೆ ಅಂದರೆ ಲೆಕ್ಕ ಉಲ್ಟಾ. ಆಪರೇಷನ್ ಮೊದಲು. ಇಂಥವರಲ್ಲಿ ಹಲವರಿಗೆ ಕೀಮೋನೇ ಬೇಕಾಗುವುದಿಲ್ಲ. ಗಡ್ಡೆಯ ಜೀನ್‌ಗಳನ್ನು ನೋಡುವ ಆಂಕೊಟೈಪ್ ಡಿಎಕ್ಸ್‌ನಂಥ ಟೆಸ್ಟ್ ಮಾಡಿ ತೀರ್ಮಾನಿಸುತ್ತಾರೆ.

ಕೀಮೋ ಮೊದಲು ಅಂತಾದರೆ ಒಂದು ವಿಷಯ ಮರೆಯದೆ ಕೇಳಿ: ಗಡ್ಡೆಯೊಳಗೆ ಕ್ಲಿಪ್ ಹಾಕಿದ್ದೀರಾ? ಅಕ್ಕಿಕಾಳಿಗಿಂತಲೂ ಚಿಕ್ಕ ಲೋಹದ ಗುರುತು ಅದು. ಔಷಧಿ ಚೆನ್ನಾಗಿ ಕೆಲಸ ಮಾಡಿದರೆ ಗಡ್ಡೆ ಸ್ಕ್ಯಾನಿನಲ್ಲಿ ಕಾಣದಷ್ಟು ಕರಗಿಹೋಗುತ್ತದೆ. ಆಗ ಸರ್ಜನ್ ಎಲ್ಲಿ ಕತ್ತರಿಸಬೇಕು? ಕ್ಲಿಪ್ ಇದ್ದರೆ ಜಾಗ ಗೊತ್ತು. ಕಂಕುಳ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಅಲ್ಲಿಗೂ ಒಂದು ಕ್ಲಿಪ್ ಹಾಕುವುದುಂಟು. ಮುಂದೆ ಮಕ್ಕಳು ಬೇಕು ಅನ್ನುವವರು ಅಂಡಾಣು ಶೇಖರಿಸಿಡುವ ಮಾತನ್ನೂ ಕೀಮೋ ಶುರುವಾಗುವ ಮುಂಚೆಯೇ ಎತ್ತಬೇಕು, ಆಮೇಲೆ ಎತ್ತಿದರೆ ತಡವಾಗಿರಬಹುದು.

ಗಡ್ಡೆ ಮಾತ್ರವೋ, ಪೂರ್ತಿ ಸ್ತನವೋ

ಜಾಸ್ತಿ ತೆಗೆದರೆ ಜಾಸ್ತಿ ಸೇಫ್ ಅಂತ ಅನ್ನಿಸುವುದು ಸಹಜ. ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. 19ನೇ ಶತಮಾನದ ಕೊನೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಶುರುಮಾಡಿದ ಪದ್ಧತಿಯಲ್ಲಿ ಸ್ತನದ ಜೊತೆ ಎದೆಯ ಮಾಂಸಖಂಡ, ಕಂಕುಳ ಗ್ರಂಥಿ ಎಲ್ಲವನ್ನೂ ತೆಗೆಯುತ್ತಿದ್ದರು. ಸುಮಾರು ಮುಕ್ಕಾಲು ಶತಮಾನ ಅದೇ ನಡೆಯಿತು.

ಅದನ್ನು ಪರೀಕ್ಷೆಗೆ ಹಚ್ಚಿದ್ದು 1970ರ ದಶಕದಲ್ಲಿ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ತಂಡ, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ತಂಡ. ಒಂದು ಗುಂಪಿಗೆ ಪೂರ್ತಿ ಸ್ತನ ತೆಗೆದರು, ಇನ್ನೊಂದು ಗುಂಪಿಗೆ ಗಡ್ಡೆ ಅಥವಾ ಆ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. 2002ರಲ್ಲಿ ಎರಡೂ ಅಧ್ಯಯನಗಳ 20 ವರ್ಷದ ಫಲಿತಾಂಶ ಬಂತು. ಬದುಕುಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಕಾರಣ ಇಷ್ಟೇ: ಜೀವಕ್ಕೆ ಅಪಾಯ ತರುವುದು ಸ್ತನದಲ್ಲಿರುವ ಗಡ್ಡೆಯಲ್ಲ, ಮೂಳೆಗೋ ಶ್ವಾಸಕೋಶಕ್ಕೋ ಲಿವರಿಗೋ ಆಗಲೇ ಹೋಗಿ ಕೂತಿರಬಹುದಾದ ಕಣಗಳು. ಸ್ತನದಲ್ಲಿ ಎಷ್ಟು ಕತ್ತರಿಸಿದರೂ ಆ ಕಣಗಳಿಗೆ ಏನೂ ಆಗುವುದಿಲ್ಲ. ಅದಕ್ಕೆ ಔಷಧಿಯೇ ಬೇಕು.

ಹಾಗಂತ ಎರಡೂ ಒಂದೇ ಅಲ್ಲ. ಅದೇ ಸ್ತನದಲ್ಲಿ ಮತ್ತೆ ಬರುವ ಸಾಧ್ಯತೆ ಗಡ್ಡೆ ಮಾತ್ರ ತೆಗೆಸಿದವರಿಗೆ ಸ್ವಲ್ಪ ಜಾಸ್ತಿ. ಫಿಶರ್ ಅಧ್ಯಯನದಲ್ಲಿ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಡದ ಮೂರನೇ ಗುಂಪೂ ಇತ್ತು. 20 ವರ್ಷದಲ್ಲಿ ರೇಡಿಯೇಷನ್ ತಗೊಂಡವರಲ್ಲಿ 14.3% ಜನರಿಗೆ, ತಗೊಳ್ಳದವರಲ್ಲಿ 39.2% ಜನರಿಗೆ ಅದೇ ಸ್ತನದಲ್ಲಿ ಮರುಕಳಿಸಿತು. ಅದು ಹಳೆಯ ಕಾಲದ ಔಷಧಿ, ಹಳೆಯ ಮೆಷಿನ್. ಈಗಿನ ಅಂಕಿ ಇದಕ್ಕಿಂತ ತುಂಬಾ ಕಮ್ಮಿ. ಆದರೂ ಆ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಗಡ್ಡೆ ಮಾತ್ರ ತೆಗೆಸುತ್ತೇನೆ, ರೇಡಿಯೇಷನ್ ಬೇಡ ಅನ್ನುವುದು ಹೆಚ್ಚಿನವರಿಗೆ ಆಯ್ಕೆಯೇ ಅಲ್ಲ. ಅವೆರಡೂ ಜೋಡಿ.

ಆದ್ದರಿಂದ ಗಡ್ಡೆ ಮಾತ್ರ ಅಂತ ಒಪ್ಪುವ ಮುಂಚೆ ರೇಡಿಯೇಷನ್ ಎಷ್ಟು ದಿನ, ಎಲ್ಲಿ, ದಿನಾ ಹೋಗಿ ಬರಲು ಆಗುತ್ತದಾ ಅಂತ ಕೇಳಿ. ಮೊದಲೆಲ್ಲ 5 ವಾರ, ಈಗ ಹೆಚ್ಚು ಕಡೆ 15 ಸಲ, ಅಂದರೆ 3 ವಾರ. 2020ರಲ್ಲಿ ಬಂದ ಫಾಸ್ಟ್-ಫಾರ್ವರ್ಡ್ ಅಧ್ಯಯನದ ನಂತರ ಕೆಲವರಿಗೆ 5 ಸಲದಲ್ಲೇ, ಒಂದು ವಾರದೊಳಗೆ ಮುಗಿಸುತ್ತಾರೆ. ಮೆಷಿನ್ ಇರುವ ಜಾಗ ದೂರ ಇದೆ ಅಂತ ಪೂರ್ತಿ ಸ್ತನ ತೆಗೆಸಲು ಹೊರಟವರು, ಕಮ್ಮಿ ದಿನದ ರೇಡಿಯೇಷನ್ ನಮಗೆ ಆಗುತ್ತದಾ ಅಂತ ಒಮ್ಮೆ ಕೇಳಿಯೇ ನಿರ್ಧಾರ ಮಾಡಲಿ.

70 ದಾಟಿದವರ ವಿಷಯ ಬೇರೆ. 2 ಸೆಂ.ಮೀ. ಒಳಗಿನ ಗಡ್ಡೆ, ಹಾರ್ಮೋನ್ ಪಾಸಿಟಿವ್, ಕಂಕುಳಲ್ಲಿ ಏನಿಲ್ಲ, 5 ವರ್ಷ ಹಾರ್ಮೋನ್ ಮಾತ್ರೆ ತಪ್ಪದೆ ನುಂಗುತ್ತೇನೆ ಅನ್ನುವವರು ರೇಡಿಯೇಷನ್ ಬಿಡಬಹುದು. ಸಿಎಎಲ್‌ಜಿಬಿ 9343 ಅಧ್ಯಯನದಲ್ಲಿ ಇಂಥವರಿಗೆ 10 ವರ್ಷದಲ್ಲಿ ಅಲ್ಲೇ ಮರುಕಳಿಸಿದ್ದು ರೇಡಿಯೇಷನ್ ಇದ್ದರೆ 2%, ಇಲ್ಲದಿದ್ದರೆ 10%. ಆಯುಷ್ಯದಲ್ಲಿ ವ್ಯತ್ಯಾಸ ಇರಲಿಲ್ಲ.

ಗಡ್ಡೆ ಮಾತ್ರ ತೆಗೆಸುವವರಿಗೆ ಇನ್ನೊಂದು ತಲೆಬಿಸಿ, ಅಂಚು. ತೆಗೆದ ತುಂಡನ್ನು ಲ್ಯಾಬಿನಲ್ಲಿ ಸುತ್ತಲೂ ಬಣ್ಣದ ಇಂಕ್ ಹಚ್ಚುತ್ತಾರೆ, ಮೇಲ್ಗಡೆ ಒಂದು ಬಣ್ಣ, ಕೆಳಗಡೆ ಒಂದು ಬಣ್ಣ ಹೀಗೆ. ಆಮೇಲೆ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕಣ ಇಂಕಿಗೆ ತಾಗಿದ್ದರೆ ಒಳಗೆ ಇನ್ನೂ ಉಳಿದಿರಬಹುದು ಅಂತ ಅರ್ಥ. ಆಗ ಮತ್ತೆ ಥಿಯೇಟರಿಗೆ ಹೋಗಬೇಕು. ಎಲ್ಲೂ ತಾಗಿಲ್ಲ ಅಂದರೆ ಸಾಕು, ಇನ್ನೂ ಅಗಲವಾಗಿ ತೆಗೆಯುವುದರಿಂದ ಲಾಭವಿಲ್ಲ ಅಂತ 2014ರಲ್ಲಿ ಬಂದ ಮಾರ್ಗಸೂಚಿ ಹೇಳುತ್ತದೆ. ನಾಳದೊಳಗೇ ಇರುವ, ಹೊರಗೆ ಹರಡದ ಡಿಸಿಐಎಸ್‌ಗೆ ಮಾತ್ರ 2 ಮಿಲಿಮೀಟರ್ ಅಂತರ ಬೇಕು ಅನ್ನುತ್ತಾರೆ. ಎರಡನೇ ಸಲ ಹೋಗಬೇಕಾಗಿ ಬಂದರೆ ಸರ್ಜನ್ ಕೈಲಿ ತಪ್ಪಾಯಿತು ಅಂತಲ್ಲ. ಕಣಗಳು ಕೈಗೆ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಈಗ ಪೂರ್ತಿ ಸ್ತನ ತೆಗೆಸುವ ಕಡೆ. ರೇಡಿಯೇಷನ್ ತಪ್ಪುತ್ತದೆ ಅಂತ ಇದನ್ನು ಆರಿಸುವವರು ಬಹಳ. ಎಷ್ಟೋ ಜನರಿಗೆ ತಪ್ಪುತ್ತದೆ ನಿಜ. ಆದರೆ ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಅಥವಾ ಕಂಕುಳಲ್ಲಿ 4 ಅಥವಾ ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ ಪೂರ್ತಿ ತೆಗೆದ ಮೇಲೂ ರೇಡಿಯೇಷನ್ ಕೊಡುತ್ತಾರೆ. ಒಂದರಿಂದ ಮೂರು ಗ್ರಂಥಿ ಇದ್ದರೂ ಕೊಡುವುದು ಈಗ ಸಾಮಾನ್ಯ. ಈ ಸಾಧ್ಯತೆ ಎಷ್ಟು ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಎರಡೂ ಆಗಿಬಿಟ್ಟರೆ ಬೇಜಾರು ದುಪ್ಪಟ್ಟು ಅಲ್ವಾ.

ಇನ್ನು, ಪೂರ್ತಿ ತೆಗೆದರೂ ಅಲ್ಲೇ ಮರುಕಳಿಸುವ ಸಾಧ್ಯತೆ ಸೊನ್ನೆ ಆಗುವುದಿಲ್ಲ. ಚರ್ಮದಲ್ಲಿ, ಎದೆಗೋಡೆಯಲ್ಲಿ ಬರಬಹುದು. ಎದೆಯ ಆ ಭಾಗ ಮರಗಟ್ಟುತ್ತದೆ, ಸ್ಪರ್ಶ ಗೊತ್ತಾಗುವುದಿಲ್ಲ, ಕೆಲವರಿಗೆ ಇಲ್ಲದ ಸ್ತನ ಇದ್ದ ಹಾಗೆ, ಅಲ್ಲೇ ತುರಿಸಿದ ಹಾಗೆ ಅನ್ನಿಸುತ್ತದೆ. ಚೇತರಿಕೆಗೆ ಜಾಸ್ತಿ ವಾರ ಬೇಕು.

ಹಾಗಿದ್ದರೂ ಪೂರ್ತಿ ತೆಗೆಸುವುದೇ ಸರಿ ಅನ್ನುವ ಸಂದರ್ಭಗಳಿವೆ. ಸ್ತನದ ಹಲವು ಕಡೆ ಹರಡಿರುವುದು (ಎರಡು ಕಡೆ ಇದ್ದರೂ ಈಗ ಕೆಲವರಿಗೆ ಉಳಿಸುತ್ತಾರೆ, ಕೇಳಿ ನೋಡಿ), ಸ್ತನದ ಗಾತ್ರಕ್ಕೆ ಹೋಲಿಸಿದರೆ ಗಡ್ಡೆ ದೊಡ್ಡದಿರುವುದು, ಹಿಂದೆ ಅದೇ ಎದೆಗೆ ರೇಡಿಯೇಷನ್ ಆಗಿರುವುದು, ಸ್ಕ್ಲೆರೊಡರ್ಮಾದಂಥ ಚರ್ಮದ ಕಾಯಿಲೆ, ಮತ್ತೆ ಮತ್ತೆ ತೆಗೆದರೂ ಅಂಚು ಸ್ವಚ್ಛ ಬರದಿರುವುದು, ಬಿಆರ್‌ಸಿಎ ಜೀನ್ ದೋಷ. ಗರ್ಭಿಣಿಯರಿಗೆ ಆಪರೇಷನ್ ಮಾಡಬಹುದು, ಆದರೆ ಹೆರಿಗೆ ಆಗುವ ತನಕ ರೇಡಿಯೇಷನ್ ಕೊಡುವುದಿಲ್ಲ, ಹಾಗಾಗಿ ಎಷ್ಟನೇ ತಿಂಗಳು ಅನ್ನುವುದರ ಮೇಲೆ ಲೆಕ್ಕ. ಪುರುಷರಿಗೂ ಈ ಕ್ಯಾನ್ಸರ್ ಬರುತ್ತದೆ, ಅವರಲ್ಲಿ ಸ್ತನದ ಅಂಗಾಂಶವೇ ಕಮ್ಮಿ ಇರುವುದರಿಂದ ಹೆಚ್ಚಾಗಿ ಪೂರ್ತಿ ತೆಗೆಯುತ್ತಾರೆ.

ಭಯ? ಅದೂ ಒಂದು ಕಾರಣವೇ, ನಾನು ತಳ್ಳಿಹಾಕುವುದಿಲ್ಲ. ಪ್ರತಿ ವರ್ಷ ಮ್ಯಾಮೊಗ್ರಾಮ್ ಬಂದಾಗ ವಾರಗಟ್ಟಲೆ ನಿದ್ದೆಗೆಡುವವರು ಪೂರ್ತಿ ತೆಗೆಸಿ ನಿರಾಳವಾಗಿ ಇರುತ್ತಾರೆ ಅಂದರೆ ಅದು ಅವರ ಬದುಕು. "ನನಗೆ ಭಯ, ಅದಕ್ಕೆ ತೆಗೆಸುತ್ತೇನೆ" ಅನ್ನುವುದು ಸರಿ. "ತೆಗೆಸದಿದ್ದರೆ ಸಾಯುತ್ತೇನೆ, ಅದಕ್ಕೆ ತೆಗೆಸುತ್ತೇನೆ" ಅನ್ನುವುದು ಹೆಚ್ಚಿನವರ ವಿಷಯದಲ್ಲಿ ತಪ್ಪು ಲೆಕ್ಕ. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡು ಯೋಚಿಸಿ, ಸಾಕು.

ಚೆನ್ನಾಗಿರುವ ಇನ್ನೊಂದು ಸ್ತನವನ್ನೂ ತೆಗೆಸಿಬಿಡೋಣ ಅನ್ನುವ ಯೋಚನೆಗೂ ಇದೇ ಮಾತು. ಜೀನ್ ದೋಷ ಇಲ್ಲದವರಿಗೆ ಇನ್ನೊಂದು ಕಡೆ ಹೊಸ ಕ್ಯಾನ್ಸರ್ ಬರುವ ಸಾಧ್ಯತೆ ವರ್ಷಕ್ಕೆ ಅರ್ಧ ಶೇಕಡಾಕ್ಕಿಂತ ಕಮ್ಮಿ, ಮತ್ತು ಅದನ್ನು ತೆಗೆಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ. ಗಾಯ ಎರಡು, ಡ್ರೇನ್ (ಗಾಯದ ದ್ರವ ಹೊರಗೆಳೆಯುವ ಕೊಳವೆ) ಎರಡು, ತೊಂದರೆಯ ಸಾಧ್ಯತೆಯೂ ಎರಡರಷ್ಟು. ಬಿಆರ್‌ಸಿಎ ಇದ್ದರೆ ಮಾತ್ರ ಲೆಕ್ಕ ಬದಲು. 2017ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಮೊದಲ ಕ್ಯಾನ್ಸರ್ ಆದ 20 ವರ್ಷದಲ್ಲಿ ಇನ್ನೊಂದು ಕಡೆ ಬರುವ ಸಾಧ್ಯತೆ ಬಿಆರ್‌ಸಿಎ1 ಇದ್ದವರಿಗೆ 40%, ಬಿಆರ್‌ಸಿಎ2 ಇದ್ದವರಿಗೆ 26%. ಆದ್ದರಿಂದ ಚಿಕ್ಕ ವಯಸ್ಸಿನವರು, ಟ್ರಿಪಲ್ ನೆಗೆಟಿವ್‌ನವರು, ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಜೀನ್ ಟೆಸ್ಟ್ ರಿಪೋರ್ಟ್ ಬರುವ ತನಕ ಕಾಯುವುದು ಒಳ್ಳೆಯದು. ಅದೊಂದು ಕಾಗದ ಇಡೀ ತೀರ್ಮಾನವನ್ನೇ ತಿರುಗಿಸಬಲ್ಲದು.

ಕಂಕುಳದ ಮಾತು

ಸ್ತನದ ಬಗ್ಗೆ ಅಷ್ಟು ಚರ್ಚೆ ಮಾಡಿ ಕಂಕುಳಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬರುವವರೇ ಜಾಸ್ತಿ. ಆದರೆ ವರ್ಷಗಳ ನಂತರ ದಿನನಿತ್ಯ ಕಾಡುವುದು ಹೆಚ್ಚಾಗಿ ಕೈ.

ಸ್ತನದ ದ್ರವ ಕಂಕುಳಿನ ಲಿಂಫ್ ಗ್ರಂಥಿಗಳ ಮೂಲಕ ಹರಿಯುತ್ತದೆ. ಹಿಂದೆ ಎಲ್ಲರಿಗೂ ಅಲ್ಲಿನ ಗ್ರಂಥಿಗಳನ್ನು ಗುಂಪಾಗಿ, ಹತ್ತಕ್ಕಿಂತ ಹೆಚ್ಚು, ತೆಗೆದುಬಿಡುತ್ತಿದ್ದರು. ಈಗ ಸ್ಕ್ಯಾನಿನಲ್ಲಿ ಕಂಕುಳು ಸ್ವಚ್ಛ ಕಂಡರೆ ಸೆಂಟಿನೆಲ್ ನೋಡ್ ಬಯಾಪ್ಸಿ ಮಾಡುತ್ತಾರೆ. ಸ್ತನಕ್ಕೆ ನೀಲಿ ಬಣ್ಣ ಅಥವಾ ಸ್ವಲ್ಪವೇ ವಿಕಿರಣ ಇರುವ ಟೆಕ್ನೀಷಿಯಂ ಚುಚ್ಚಿ, ಅದು ಮೊಟ್ಟಮೊದಲು ಹೋಗಿ ಸೇರುವ ಒಂದರಿಂದ ಮೂರು ಗ್ರಂಥಿಗಳನ್ನು ಹುಡುಕಿ ತೆಗೆಯುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲ ಅಂದರೆ ಮುಂದಿನವುಗಳಲ್ಲೂ ಇರುವ ಸಾಧ್ಯತೆ ತೀರಾ ಕಮ್ಮಿ. ನೀಲಿ ಬಣ್ಣ ಹಾಕಿದವರಿಗೆ ಒಂದೆರಡು ದಿನ ಮೂತ್ರ ಹಸಿರು ನೀಲಿ ಬರುತ್ತದೆ, ಸ್ತನದ ಚರ್ಮದ ಮೇಲೆ ಕಲೆ ವಾರಗಟ್ಟಲೆ ಉಳಿಯುತ್ತದೆ. ಹೇಳದಿದ್ದರೆ ಹೆದರಿಕೊಳ್ಳುವಂಥದ್ದೇ.

ವ್ಯತ್ಯಾಸ ಎಷ್ಟು? ಕೈ ಬಾವು, ಅಂದರೆ ಲಿಂಫೆಡೀಮಾ, ಪೂರ್ತಿ ಗ್ರಂಥಿ ತೆಗೆಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ. ಸೆಂಟಿನೆಲ್ ಮಾತ್ರ ಆದವರಲ್ಲಿ ನೂರರಲ್ಲಿ ಐದಾರು ಜನರಿಗೆ. ಒಮ್ಮೆ ಬಂದರೆ ಹತೋಟಿಯಲ್ಲಿ ಇಡಬಹುದು, ಪೂರ್ತಿ ವಾಸಿಯಾಗುವುದು ಕಷ್ಟ.

ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೂ ಎಲ್ಲವನ್ನೂ ತೆಗೆಯಲೇಬೇಕು ಅಂತಿಲ್ಲ. 2011ರಲ್ಲಿ ಬಂದ ಝಡ್0011 ಅಧ್ಯಯನ ಇದನ್ನು ಬದಲಾಯಿಸಿತು: ಗಡ್ಡೆ ಮಾತ್ರ ತೆಗೆಸಿ ಇಡೀ ಸ್ತನಕ್ಕೆ ರೇಡಿಯೇಷನ್ ತಗೊಳ್ಳುವವರಲ್ಲಿ, ಒಂದೋ ಎರಡೋ ಗ್ರಂಥಿಯಲ್ಲಿ ಮಾತ್ರ ಇದ್ದರೆ, ಉಳಿದದ್ದನ್ನು ಬಿಟ್ಟರೂ ಫಲಿತಾಂಶ ಅಷ್ಟೇ ಚೆನ್ನಾಗಿತ್ತು. ನೋಡಿ, ಸ್ತನದ ಆಯ್ಕೆ ಕಂಕುಳಿಗೆ ಹೇಗೆ ಬಂದು ತಾಗುತ್ತದೆ. ಕೆಲವರಿಗೆ ಕತ್ತರಿಸುವ ಬದಲು ಕಂಕುಳಿಗೆ ರೇಡಿಯೇಷನ್ ಕೊಡುವುದೂ ಇದೆ, ಅದರಲ್ಲೂ ಕೈ ಬಾವು ಕಮ್ಮಿ. 2023ರ ಸೌಂಡ್ ಅಧ್ಯಯನವಂತೂ ಇನ್ನೂ ಮುಂದಕ್ಕೆ ಹೋಯಿತು. 2 ಸೆಂ.ಮೀ. ತನಕದ ಗಡ್ಡೆ ಇದ್ದು ಅಲ್ಟ್ರಾಸೌಂಡಿನಲ್ಲಿ ಕಂಕುಳು ಸ್ವಚ್ಛ ಇದ್ದವರಿಗೆ ಸೆಂಟಿನೆಲ್ ಬಯಾಪ್ಸಿಯನ್ನೇ ಬಿಟ್ಟರೂ ತೊಂದರೆ ಆಗಲಿಲ್ಲ. ಎಲ್ಲರಿಗೂ ಅಲ್ಲ, ಆದರೆ "ನನಗೆ ಇದು ಬೇಕೇಬೇಕಾ?" ಅಂತ ಕೇಳುವಷ್ಟು ಧೈರ್ಯ ಕೊಡುತ್ತದೆ.

ಡಿಸಿಐಎಸ್ ಇರುವವರು ಒಂದು ಸೂಕ್ಷ್ಮ ಗಮನಿಸಿ. ಗಡ್ಡೆ ಮಾತ್ರ ತೆಗೆಸಿದರೆ ಸಾಮಾನ್ಯವಾಗಿ ಕಂಕುಳು ಮುಟ್ಟಬೇಕಿಲ್ಲ. ಪೂರ್ತಿ ಸ್ತನ ತೆಗೆಸಿದರೆ ಮಾತ್ರ ಸೆಂಟಿನೆಲ್ ಅದೇ ದಿನ ಮಾಡಿಬಿಡುತ್ತಾರೆ, ಯಾಕೆಂದರೆ ಆಮೇಲೆ ಹರಡಿದ್ದು ಕಂಡುಬಂದರೆ ಬಣ್ಣ ಚುಚ್ಚಲು ಸ್ತನವೇ ಇರುವುದಿಲ್ಲ.

ಮತ್ತೆ ಕಟ್ಟಿಸಿಕೊಳ್ಳುವುದಾ?

ಪೂರ್ತಿ ತೆಗೆಸುವವರಿಗೆ ಮೂರು ದಾರಿ. ಏನೂ ಬೇಡ ಅನ್ನುವುದೂ ಒಂದು ಪೂರ್ಣ ಪ್ರಮಾಣದ ಆಯ್ಕೆ. ಬೇಕಾದರೆ ಗಾಯ ಮಾಗಿದ ಮೇಲೆ ಒಳಉಡುಪಿನಲ್ಲಿ ಸಿಲಿಕೋನ್ ಸ್ತನ ಇಟ್ಟುಕೊಳ್ಳಬಹುದು. ಈ ದಾರಿ ಹಿಡಿಯುವವರು "ಸಮತಟ್ಟಾಗಿ ಹೊಲಿಯಿರಿ, ಚರ್ಮ ಜೋತುಬೀಳದ ಹಾಗೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮುಂದೆ ಕಟ್ಟಿಸಬಹುದೇನೋ ಅಂತ ಹೆಚ್ಚಿನ ಚರ್ಮ ಬಿಟ್ಟಿರುವುದುಂಟು.

ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಸ್ತನ) ಅಂದರೆ ಆಪರೇಷನ್ ಚಿಕ್ಕದು, ಬೇರೆ ಕಡೆ ಗಾಯ ಇಲ್ಲ. ಹಲವರಿಗೆ ಮೊದಲು ಎಕ್ಸ್‌ಪ್ಯಾಂಡರ್ ಅನ್ನುವ ಚೀಲ ಹಾಕಿ, ಆಗಾಗ ಹೋದಾಗ ಅದಕ್ಕೆ ಸಲೈನ್ ತುಂಬಿಸಿ ಚರ್ಮ ಹಿಗ್ಗಿಸುತ್ತಾರೆ, ಆಮೇಲೆ ಇಂಪ್ಲಾಂಟ್. ಆದರೆ ಇಂಪ್ಲಾಂಟ್ ಜೀವಮಾನಕ್ಕೆ ಬರುವಂಥದ್ದಲ್ಲ, ವರ್ಷ ಕಳೆದಂತೆ ಬದಲಾಯಿಸಬೇಕಾಗಿ ಬರುವ ಸಾಧ್ಯತೆ ಹೆಚ್ಚುತ್ತದೆ. ರೇಡಿಯೇಷನ್ ಬಿದ್ದರೆ ಸುತ್ತ ಗಟ್ಟಿಯಾಗಿ ಬಿಗಿದುಕೊಳ್ಳುವುದು ಜಾಸ್ತಿ.

ಸ್ವಂತ ಮಾಂಸದಿಂದ ಕಟ್ಟುವುದು ಉಲ್ಟಾ. ಹೊಟ್ಟೆಯ ಚರ್ಮ ಮತ್ತು ಕೊಬ್ಬು ತೆಗೆದು ಎದೆಗೆ ಕೂರಿಸುವ ಡೀಪ್ ಫ್ಲ್ಯಾಪ್‌ನಲ್ಲಿ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಡಿ ಜೋಡಿಸುತ್ತಾರೆ, ಆರೆಂಟು ಗಂಟೆಯ ಕೆಲಸ. ಗಾಯ ಎರಡು ಕಡೆ, ಚೇತರಿಕೆ ನಿಧಾನ. ಆದರೆ ಒಮ್ಮೆ ಸರಿಯಾಗಿ ಕೂತರೆ ದೇಹದ ಜೊತೆಗೇ ಹೆಚ್ಚುತ್ತದೆ, ಕಮ್ಮಿಯಾಗುತ್ತದೆ, ರೇಡಿಯೇಷನ್ ಆದ ಜಾಗಕ್ಕೂ ಹೊಂದಿಕೊಳ್ಳುತ್ತದೆ. ಬೆನ್ನಿನ ಮಾಂಸಖಂಡ ತಿರುಗಿಸಿ ತರುವ ವಿಧಾನವೂ ಇದೆ.

ರೇಡಿಯೇಷನ್ ಖಂಡಿತ ಇದೆ ಅಂತಾದರೆ ಕಟ್ಟಿಸುವುದನ್ನು ಆಮೇಲಕ್ಕೆ ಇಡುವುದು ಎಷ್ಟೋ ಸಲ ಜಾಣತನ. ಇಲ್ಲ ಅಂತಾದರೆ ಅದೇ ದಿನ ಮಾಡಿಸಿದರೆ ಚರ್ಮ, ಕೆಲವೊಮ್ಮೆ ತೊಟ್ಟೂ ಉಳಿಯುತ್ತದೆ. ಯಾವುದೇ ಮಾಡಿಸಿ, ಮೊದಲಿನ ಸ್ಪರ್ಶ ಮರಳಿ ಬರುವುದಿಲ್ಲ. ಆಕಾರ ಬರುತ್ತದೆ ಅಷ್ಟೆ.

ಆಪರೇಷನ್‌ಗೆ ಮುಂಚಿನ ದಿನಗಳು

ಸಿಗರೇಟು, ತಂಬಾಕು ಇದ್ದರೆ ಕನಿಷ್ಠ 4 ವಾರ ಮುಂಚೆ ಬಿಡಬೇಕು. ಸುಮ್ನೆ ಉಪದೇಶ ಅಲ್ಲ, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಅದರಿಂದ ಚರ್ಮದ ಅಂಚು ಕಪ್ಪಾಗಿ ಸಾಯುತ್ತದೆ. ಕಟ್ಟಿಸಿಕೊಳ್ಳುವವರಿಗೆ ಇದು ಇನ್ನೂ ಕಟ್ಟುನಿಟ್ಟು. ಶುಗರ್ ಹತೋಟಿಗೆ ತನ್ನಿ, ದಿನಾ ನಡೆಯಿರಿ.

ಔಷಧಿಗಳ ಪಟ್ಟಿ ಬರೆದುಕೊಂಡು ಹೋಗಿ ಅನಸ್ತೇಷಿಯಾ ಡಾಕ್ಟರಿಗೆ ಕೊಡಿ, ಬಾಯಲ್ಲಿ ಹೇಳಿದರೆ ಒಂದಾದರೂ ಮರೆಯುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಆಸ್ಪಿರಿನ್ ನೀವಾಗಿಯೇ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಬೇಡವೇ ಬೇಡ. ಶುಗರ್‌ಗೆ ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ನುಂಗುತ್ತಿದ್ದರೆ ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಉಪವಾಸದಲ್ಲಿ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ಇದ್ದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಅದನ್ನೂ ಹೇಳಿ. ಟ್ಯಾಮಾಕ್ಸಿಫೆನ್, ಗಿಡಮೂಲಿಕೆ ಪುಡಿ, ವಿಟಮಿನ್ ಇ, ಮೀನೆಣ್ಣೆ ಮಾತ್ರೆ, ಎಲ್ಲವೂ ಪಟ್ಟಿಯಲ್ಲಿರಲಿ.

ಊಟ, ನೀರು ನಿಲ್ಲಿಸುವ ಸಾಮಾನ್ಯ ನಿಯಮ: ಗಟ್ಟಿ ಆಹಾರ 6 ಗಂಟೆ ಮುಂಚೆ, ಕರಿದದ್ದಾದರೆ 8, ಬರೀ ನೀರು 2 ಗಂಟೆ ಮುಂಚಿನ ತನಕ. ನಿಮ್ಮ ಆಸ್ಪತ್ರೆ ಬೇರೆ ಹೇಳಿದರೆ ಅದೇ ನಡೆಯಲಿ. ಉಗುರು ಬಣ್ಣ ತೆಗೆಯಿರಿ, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ ಸರಿಯಾಗಿ ಓದಬೇಕಲ್ಲ. ಕೈಗೆ ಸಿಗದ ಸಣ್ಣ ಗಡ್ಡೆ ಇದ್ದವರಿಗೆ ಅದೇ ಬೆಳಿಗ್ಗೆ ಸ್ಕ್ಯಾನ್ ನೋಡಿಕೊಂಡು ಕೂದಲೆಳೆಯಂಥ ತಂತಿ ಚುಚ್ಚಿ ಜಾಗ ಗುರುತಿಸಬಹುದು. ಸರ್ಜನ್ ಬಂದು ನಿಮ್ಮನ್ನು ನಿಲ್ಲಿಸಿ ಪೆನ್ನಿನಲ್ಲಿ ಗೆರೆ ಹಾಕುತ್ತಾರೆ, ಮಲಗಿದರೆ ಸ್ತನದ ಆಕಾರ ಬದಲಾಗುತ್ತದೆ, ಅದಕ್ಕೆ. ಯಾವ ಕಡೆ ಅಂತ ಪ್ರತಿಯೊಬ್ಬರೂ ಮತ್ತೆ ಮತ್ತೆ ಕೇಳುತ್ತಾರೆ. ಸಿಟ್ಟಾಗಬೇಡಿ, ಕೇಳಬೇಕಾದದ್ದೇ. ಹಿಂದೆ ಅನಸ್ತೇಷಿಯಾ ಆದಾಗ ಜಾಸ್ತಿ ವಾಂತಿಯಾಗಿದ್ದರೆ ಹೇಳಿ, ಮೊದಲೇ ಔಷಧಿ ಕೊಡುತ್ತಾರೆ. ನೋವಿಗೆ ಎದೆಯ ನರಗಳ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಡುತ್ತಾರಾ ಅಂತಲೂ ಕೇಳಿ.

ಡ್ರೇನ್, ಬಟ್ಟೆ, ಕೈ

ಗಡ್ಡೆ ಮಾತ್ರ ಆದರೆ ಹಲವು ಸಲ ಅದೇ ದಿನ ಮನೆಗೆ, ಡ್ರೇನ್ ಇರುವುದಿಲ್ಲ. ಪೂರ್ತಿ ಸ್ತನ ಅಥವಾ ಪೂರ್ತಿ ಕಂಕುಳು ಆದರೆ ಡ್ರೇನ್ ಇಟ್ಟೇ ಕಳಿಸುತ್ತಾರೆ, ಒಂದೆರಡು ವಾರ ಜೊತೆಗಿರುತ್ತದೆ. ನಮ್ಮ ಚಿಕ್ಕಮ್ಮನ ಡ್ರೇನ್ ನಾನೇ ಖಾಲಿ ಮಾಡುತ್ತಿದ್ದೆ. ಕೈ ತೊಳೆದು, ಕೊಳವೆಯ ತುದಿಯಲ್ಲಿರುವ ದ್ರವ ಸೇರುವ ಬಲ್ಬಿನ ಮುಚ್ಚಳ ತೆಗೆದು, ಅಳತೆ ಕಪ್ಪಿಗೆ ಸುರಿದು, ಎಷ್ಟು ಮಿಲಿ ಅಂತ ಬರೆದು, ಬಲ್ಬನ್ನು ಚಪ್ಪಟೆಯಾಗಿ ಒತ್ತಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು. ಬಿಟ್ಟು ಮುಚ್ಚಿದರೆ ಎಳೆಯುವ ಶಕ್ತಿ ಇರುವುದಿಲ್ಲ, ದ್ರವ ಒಳಗೇ ನಿಲ್ಲುತ್ತದೆ. ಮೊದಲ ದಿನ ಕೆಂಪು, ಆಮೇಲೆ ಗುಲಾಬಿ, ಆಮೇಲೆ ಹಳದಿ. ದಿನಕ್ಕೆ 20–30 ಮಿಲಿಗಿಂತ ಕಮ್ಮಿಯಾದ ಮೇಲೆ ತೆಗೆಯುತ್ತಾರೆ. ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ, ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಎದುರೇ ಅವರ ಕೈಯಲ್ಲಿ ಒಮ್ಮೆ ಮಾಡಿಸಿ.

ತಲೆ ಮೇಲಿಂದ ಹಾಕುವ ಬಟ್ಟೆ ಬೇಡ, ಮುಂದೆ ಗುಂಡಿ ಇರುವ ಸಡಿಲ ಅಂಗಿ ಇರಲಿ. ದಿನಾ ಬೇಕಾಗುವ ಸಾಮಾನನ್ನು ಎತ್ತರದ ಕಪಾಟಿನಿಂದ ಸೊಂಟದ ಮಟ್ಟಕ್ಕೆ ಇಳಿಸಿಡಿ. ಕಂಕುಳಡಿ ಇಡಲು ಒಂದು ಪುಟ್ಟ ದಿಂಬು ಇದ್ದರೆ ಕಾರಿನ ಸೀಟ್ ಬೆಲ್ಟಿಗೂ ಆಗುತ್ತದೆ.

ಕೈಯನ್ನು ಅಲುಗಾಡಿಸದೆ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಬೆರಳು, ಮೊಣಕೈ, ಭುಜದ ಹಗುರ ವ್ಯಾಯಾಮ ಸಾಮಾನ್ಯವಾಗಿ ಮರುದಿನದಿಂದಲೇ, ಭುಜಕ್ಕಿಂತ ಮೇಲೆ ಎತ್ತುವುದು ಡಾಕ್ಟರ್ ಹೇಳಿದ ಮೇಲೆ. ಕೆಲವರಿಗೆ ಕಂಕುಳಿಂದ ತೋಳಿನ ತನಕ ಹುರಿಯಂತೆ ಬಿಗಿಯುತ್ತದೆ, ಫಿಸಿಯೋಥೆರಪಿಗೆ ಬಗ್ಗುತ್ತದೆ. ಒಳತೋಳು ಮರಗಟ್ಟಿದ ಹಾಗಾಗುವುದೂ ಸಾಮಾನ್ಯ, ಅಲ್ಲಿ ಹಾಯುವ ನರಕ್ಕೆ ಪೆಟ್ಟಾಗಿರುತ್ತದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಎದೆ ಇದ್ದಕ್ಕಿದ್ದಂತೆ ಉಬ್ಬಿ ಬಿಗಿಯುವುದು, ಡ್ರೇನಿನಲ್ಲಿ ದಿಢೀರ್ ರಕ್ತ, ಒಂದೇ ಕಾಲಿನ ಮೀನಖಂಡ ನೋವು ಬಾವು, ಉಸಿರು ಕಟ್ಟುವುದು, ಇವುಗಳಿಗೆ ಬೆಳಗಾಗುವ ತನಕ ಕಾಯಬೇಡಿ.

ಆಪರೇಷನ್ ದಿನಾಂಕ ಬರೆಸಿಕೊಳ್ಳುವಾಗಲೇ ಪೆಥಾಲಜಿ ರಿಪೋರ್ಟ್ ಯಾವತ್ತು ಸಿಗುತ್ತದೆ, ಅವತ್ತು ಯಾವ ಡಾಕ್ಟರನ್ನು ನೋಡಬೇಕು ಅಂತಲೂ ಬರೆಸಿಕೊಳ್ಳಿ. ಆ ರಿಪೋರ್ಟ್ ಬಂದಾಗ ಮೊದಲು ಅಂಚು ನೋಡಿ, ಆಮೇಲೆ ಎಷ್ಟು ಗ್ರಂಥಿ ತೆಗೆದರು, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು ಅಂತ ನೋಡಿ, ಆಮೇಲೆ ಗಡ್ಡೆಯ ನಿಜವಾದ ಅಳತೆ. ಇದು ಸ್ಕ್ಯಾನಿನಲ್ಲಿ ಹೇಳಿದ್ದಕ್ಕಿಂತ ಬೇರೆ ಇರುವುದು ಅಪರೂಪವೇನಲ್ಲ. ಕೀಮೋ ಮೊದಲು ಆಗಿದ್ದರೆ ಎಷ್ಟು ಉಳಿದಿತ್ತು ಅನ್ನುವ ಸಾಲು ಹುಡುಕಿ, ಅದರ ಮೇಲೆ ಮುಂದಿನ ಔಷಧಿ ನಿಂತಿದೆ. ರಿಪೋರ್ಟ್‌ನ ಎರಡು ಪ್ರತಿ ತೆಗೆಸಿಡಿ. ಒಂದು ರೇಡಿಯೇಷನ್ ಡಾಕ್ಟರಿಗೆ ಬೇಕಾಗುತ್ತದೆ.